ಚೌಡಣ್ಣನ ಚ

ಹೊನ್ನೂರಸ್ವಾಮಿಯ ಬಲಗೈ ಮೊದಲ ಸಲ ನಡುಗಿದ್ದು ಹಗರಿಬೊಮ್ಮನಹಳ್ಳಿಯ ಒಂದು ಗೊಬ್ಬರದಂಗಡಿಯ ಮುಂದೆ. ಏಣಿಯ ಮೇಲೆ ನಿಂತು ‘ಬೀಜ’ ಎಂದು ಬರೆದು ಮುಗಿಸಿ, ‘ಗೊಬ್ಬರ’ದ ಮೊದಲ ಅಕ್ಷರ ಎಳೆಯುವಾಗ ಬ್ರಷ್ಷು ತನ್ನಷ್ಟಕ್ಕೆ ತಾನೇ ಕೆಳಕ್ಕೆ ಜಾರಿತು. ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿ ಮತ್ತೆ ಎಳೆದ. ಮತ್ತೆ ಜಾರಿತು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು ಕೆಳಗಿಳಿದು ಚಹಾ ಕುಡಿದ. ಚಹಾದ ಲೋಟವೂ ತುಳುಕಿತು.

ಆಗ ಅವನಿಗೆ ಐವತ್ತೆಂಟು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ಮೂವತ್ತೈದು ವರ್ಷ ಗೋಡೆಗಳ ಮೇಲೆಯೇ ಬದುಕಿದವನು. ಕಿರಾಣಿ ಅಂಗಡಿ, ಸಾಲೆ, ಹಿಟ್ಟಿನ ಗಿರಣಿ, ಕೋಳಿ ಫಾರಂ, ಎಲ್ಲದರ ಹೆಸರೂ ಅವನ ಕೈಯಿಂದಲೇ ಆಗಿತ್ತು. ಓಡುವ ಬಸ್ಸಿನ ಕಿಟಕಿಯಲ್ಲಿ ಕೂತವನಿಗೂ ಓದಲು ಸಿಗುವಂಥ ಅಕ್ಷರ ಅವನದು: ತುಂಬಿದ ಹೊಟ್ಟೆ, ಸಣ್ಣ ಸೊಂಟ, ತಲೆಕಟ್ಟಿನ ಬಲತುದಿ ಮೇಲೆದ್ದು ಒಳಮುಖವಾಗಿ ಸುತ್ತಿಕೊಳ್ಳುವ ಸುರುಳಿ. ಫ್ಲೆಕ್ಸ್ ಬಂದು ಉಳಿದ ಪೇಂಟರುಗಳೆಲ್ಲ ಸುಣ್ಣ ಬಳಿಯುವ ಕೆಲಸಕ್ಕೆ ಹೋದ ಮೇಲೂ ‘ಸ್ವಾಮಿನ ಬರೀಲಿ’ ಎಂದು ಕಾಯುವ ಅಂಗಡಿಯವರಿದ್ದರು.

ಹೊಸಪೇಟೆಯ ಡಾಕ್ಟರು ಅವನ ಕೈ ಮುಂದಕ್ಕೆ ಚಾಚಿಸಿ ನೋಡಿದರು, ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಇದು ಕೈಯ ರೋಗವಲ್ಲ, ಮಿದುಳಿನದು, ಗುಳಿಗೆ ತಗೊಂಡರೆ ಏರುವುದು ನಿಧಾನ ಆಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ ಎಂದರು. ಹೆಂಡತಿ ಗಾದೆಮ್ಮ ಪಕ್ಕದಲ್ಲಿದ್ದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಒಂದೇ ಮಾತು ಹೇಳಿದ: “ಅಣ್ಣಗ ಹೇಳಬ್ಯಾಡ.”

ಅಣ್ಣ ಚೌಡಣ್ಣ ಇರುವುದು ಗುಡೇಕೋಟೆಯಿಂದ ಎರಡು ಮೈಲಿ ಒಳಗೆ, ಕಲ್ಲುಗುಡ್ಡಗಳ ಸಂದಿನ ಹಟ್ಟಿಯಲ್ಲಿ. ಇಬ್ಬರೂ ಹುಡುಗರಾಗಿದ್ದಾಗ ಮನೆಯಲ್ಲಿ ಒಬ್ಬನಿಗೆ ಸಾಲೆ, ಒಬ್ಬನಿಗೆ ಕುರಿ ಎಂದು ತೀರ್ಮಾನವಾಗಿತ್ತು. ಚೌಡಣ್ಣ ಯಾರೂ ಕೇಳುವ ಮೊದಲೇ ಕೋಲು ಹಿಡಿದು ಹೊರಟ. ಸಂಜೆ ತಮ್ಮ ಕಲಿತು ಬಂದ ಅಕ್ಷರಗಳನ್ನು ಸುಣ್ಣದ ಕಲ್ಲಿನಿಂದ ಬಂಡೆಯ ಮೇಲೆ ಬರೆದು ತೋರಿಸಿದರೆ ಅಣ್ಣ ತಲೆ ಓರೆ ಮಾಡಿ ನೋಡುತ್ತಿದ್ದ. ಸಾಲೆಯಲ್ಲಿ ಮಾಸ್ತರು ಕು ಬರೆಸುತ್ತ “ಕ-ಕ್ಕೆ ಕೊಂಬು” ಎಂದಾಗ ಸ್ವಾಮಿ ಅದನ್ನು ಟಗರಿನ ಕೊಂಬೆಂದೇ ತಿಳಿದು ಹಾಗೇ ಸುತ್ತಿ ಬರೆದ. ಮಾಸ್ತರು ಹೊಡೆದರು. ಅಣ್ಣ ನೋಡಿ, “ಇದು ನಮ್ಮ ಕರೇ ಟಗರು ಅಲ್ಲೇನ್ಲೇ!” ಎಂದು ಗುರುತಿಸಿದ. ಮಾಸ್ತರ ಕೊಂಬು ಅಲ್ಲಿಗೆ ಬಿತ್ತು, ಅಣ್ಣನ ಕೊಂಬು ಉಳಿಯಿತು.

ಮುಂದೆ ಸ್ವಾಮಿ ಪೇಂಟರ್ ಆದ ಮೇಲೆ ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸುವ ದಿನ ತಪ್ಪದೆ ಹಟ್ಟಿಗೆ ಹೋಗುತ್ತಿದ್ದ. ಕತ್ತರಿಸಿ ಬೋಳಾದ ಕುರಿಗಳ ಬೆನ್ನಿನ ಮೇಲೆ ಕೆಂಪು ಬಣ್ಣದಲ್ಲಿ ಒಂದೊಂದು ‘ಚ’ ಬರೆಯುತ್ತಿದ್ದ. ಬೇರೆ ಹಿಂಡಿನವರು ಬರೀ ಗೀಟು ಎಳೆದರೆ, ಚೌಡಣ್ಣನ ಕುರಿಗಳಿಗೆ ಅಕ್ಷರವಿತ್ತು. ಅವನಿಗೆ ಓದಲು ಬರುತ್ತಿದ್ದುದು ಅದೊಂದೇ ಅಕ್ಷರ.

ಕೈ ನಡುಗಲು ಹತ್ತಿದ ವರ್ಷ ಸ್ವಾಮಿ ‘ಹಡಗಲ್ಯಾಗ ಕೆಲಸ ಐತಿ’ ಎಂದು ಫೋನು ಮಾಡಿ ತಪ್ಪಿಸಿಕೊಂಡ. ಮರುವರ್ಷ ‘ಹರಪನಹಳ್ಳ್ಯಾಗ’ ಎಂದ. ಮೂರನೇ ವರ್ಷ ಚೌಡಣ್ಣ ಕರೆಯಲೇ ಇಲ್ಲ.

ಭೂಮಿಕಾ ಬಂದದ್ದು ಆ ನಡುವೆ. ಕೊಟ್ಟೂರಿನ ಮಾಸ್ತರೊಬ್ಬರ ಮಗಳು, ಅಕ್ಷರ ವಿನ್ಯಾಸ ಓದಿದವಳು, ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಫಾಂಟ್ ಮಾಡುವವಳು. ಚಿಕ್ಕಂದಿನಿಂದ ಬಸ್ಸಿನಲ್ಲಿ ಓಡಾಡುತ್ತ ಅವನ ಗೋಡೆಗಳನ್ನು ಓದಿಯೇ ಓದು ಕಲಿತೆ ಎಂದಳು.

“ಮಾಮಾ, ನಿಮ್ಮ ಅಕ್ಷರ ಎಲ್ಲಾ ಕೂಡಿಸಿ ಒಂದು ಫಾಂಟ್ ಮಾಡ್ತೀನ್ರಿ. ಗೋಡಿ ಬಿದ್ರೂ ಅಕ್ಷರ ಉಳೀತಾವ.”

ಅವನು ನಡುಗುವ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡಿದ್ದ. ಗಾದೆಮ್ಮ ಅದನ್ನು ನೋಡಿ, ಗಂಡನ ಬದಲು ತಾನೇ ಉತ್ತರ ಕೊಟ್ಟಳು. “ಮಾಡವ್ವ. ಬೇಗ ಮಾಡು.”

ಇಬ್ಬರೂ ತಿಂಗಳುಗಟ್ಟಲೆ ಬಸ್ಸಿನಲ್ಲಿ ತಿರುಗಿದರು. ಹರಪನಹಳ್ಳಿಯ ಗಿರಣಿಯ ಗೋಡೆಯಲ್ಲಿ ಒಳ್ಳೆಯ ‘ಹಿ’ ಸಿಕ್ಕಿತು, ಹಡಗಲಿಯಲ್ಲಿ ‘ಮಲ್ಲಿಗೆ’ಯ ಲ-ಒತ್ತು. ಎಲ್ಲೂ ಸಿಗದೆಂದುಕೊಂಡಿದ್ದ ‘ಝ’ ಒಂದು ಝೆರಾಕ್ಸ್ ಅಂಗಡಿಯ ಹಲಗೆಯ ಮೇಲೆ ಸಿಕ್ಕಾಗ ಭೂಮಿಕಾ ರಸ್ತೆಯಲ್ಲೇ ಚಪ್ಪಾಳೆ ಹೊಡೆದಳು. ಎಷ್ಟೋ ಕಡೆ ಗೋಡೆಯೇ ಇರಲಿಲ್ಲ, ರಸ್ತೆ ಅಗಲವಾಗಿತ್ತು. ಸ್ವಾಮಿ ಅವಳನ್ನು ಕೋಗಳಿಯ ಬಸದಿಗೂ ಕರೆದುಕೊಂಡು ಹೋದ. ಕೆಲಸ ಕಲಿಸಿದ ಕೊಟ್ಟೂರಿನ ಯರ್ರೆಪ್ಪ ಒಮ್ಮೆ ಅಲ್ಲಿನ ಶಾಸನದ ಕಲ್ಲಿನ ಮೇಲೆ ಅವನ ಬೆರಳು ಹಿಡಿದು ಆಡಿಸಿದ್ದನಂತೆ. ಆ ಹಳೆಯ ಲಿಪಿ ಓದಲು ಇಬ್ಬರಿಗೂ ಬಂದಿರಲಿಲ್ಲ. “ಓದಬ್ಯಾಡ, ಹೊಟ್ಟಿ ನೋಡು, ಹ್ಯಾಂಗ ತುಂಬ್ಯಾನ ನೋಡು” ಎಂದಿದ್ದನಂತೆ ಯರ್ರೆಪ್ಪ. ಸ್ವಾಮಿಯ ‘ಅ’ದ ಹೊಟ್ಟೆ ಬಂದದ್ದು ಆ ಕಲ್ಲಿನಿಂದ.

ಸಿಗದೆ ಉಳಿದ ಅಕ್ಷರಗಳನ್ನು ಭೂಮಿಕಾ ತಾನೇ ಕಂಪ್ಯೂಟರಿನಲ್ಲಿ ಕಟ್ಟಿದಳು. ಅವನು ಪಕ್ಕದಲ್ಲಿ ಕೂತು ಬಾಯಲ್ಲಿ ತಿದ್ದುತ್ತಿದ್ದ. “ಇಲ್ಲಿ ಸೊಂಟ ಬಿಗಿಯಾತು ನೋಡವ್ವ. ಸಡ್ಲ ಬಿಡು. ಹಾಂ, ಈಗ ಉಸಿರಾಡ್ತೈತಿ.” ದಪ್ಪ ಅಕ್ಷರ ತಲೆಬರಹಕ್ಕೆ ಆಯಿತು, ಇನ್ನು ಪುಸ್ತಕದೊಳಗಿನ ಸಣ್ಣ ಅಕ್ಷರವನ್ನೂ ಮಾಡುತ್ತೇನೆ ಎಂದು ಅವಳು ಹೇಳಿದಾಗ ಮಾತ್ರ ಅವನು ಒಪ್ಪಲಿಲ್ಲ.

“ನಂದು ಕೂಗೋ ಅಕ್ಷರವ್ವ. ಕಿವ್ಯಾಗ ಮಾತಾಡೋದು ಅದಕ್ಕ ಗೊತ್ತಿಲ್ಲ.”

“ಗೊತ್ತೈತ್ರಿ ಮಾಮಾ. ಒರಟು ಗೋಡಿಗೆ ಬಣ್ಣ ಹರಡತೈತಿ ಅಂತ ನೀವು ಅಕ್ಷರದ ಒಳಗಿನ ಕಿಂಡಿ ದೊಡ್ಡದು ಬಿಡ್ತಿದ್ರಿ. ಸಣ್ಣ ಅಕ್ಷರಕ್ಕೂ ಅದ ಬೇಕು. ಕಿಂಡಿ ಮುಚ್ಚಿದ್ರ ಓದಾಕ ಬರಂಗಿಲ್ಲ.”

ಅವಳು ಸುರುಳಿಗಳನ್ನು ತೆಗೆದಳು, ಹೊಟ್ಟೆ ಇಳಿಸಿದಳು, ಕಿಂಡಿಗಳನ್ನು ಉಳಿಸಿದಳು. ಕಾಗದದ ಮೇಲೆ ಒಂದು ಪುಟ ಅಚ್ಚು ಹಾಕಿ ತಂದಾಗ ಅವನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದ. ತನ್ನದೇ ಅಕ್ಷರ ದನಿ ಇಳಿಸಿ ಮಾತಾಡುತ್ತಿತ್ತು. ಕಣ್ಣು ತುಂಬಿ ಬಂದವು.

ಫಾಂಟಿಗೆ ‘ಹೊನ್ನೂರ’ ಎಂದೇ ಹೆಸರಿಟ್ಟಳು. ಇದನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ ಬಿಡೋಣವೇ, ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಬಹುದು, ಒಮ್ಮೆ ಬಿಟ್ಟ ಮೇಲೆ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ ಎಂದು ಎರಡೆರಡು ಸಲ ಬಿಡಿಸಿ ಹೇಳಿದಳು.

“ಗೋಡಿ ಮ್ಯಾಲಿನ ಅಕ್ಷರ ದಾರ್ಯಾಗ ಹೋಗೋರಿಗೆಲ್ಲಾ ಪುಕ್ಕಟೇನ ಅಲ್ಲೇನವ್ವ? ಬಿಡು” ಎಂದ ಸ್ವಾಮಿ. ಒಪ್ಪಿಗೆ ಕಾಗದಕ್ಕೆ ಸಹಿ ಮಾಡುವಾಗ ಗಾದೆಮ್ಮ ಅವನ ಮಣಿಕಟ್ಟು ಹಿಡಿದುಕೊಂಡಳು.

ಒಂದು ವರ್ಷ ಒಳ್ಳೆಯದೇ ಆಯಿತು. ಸಾಲೆಯ ವಾರ್ಷಿಕ ಪುಸ್ತಕ, ಮದುವೆ ಕಾಗದ, ಬೇಕರಿಯ ಡಬ್ಬ, ಎಲ್ಲೆಲ್ಲೋ ಅವನ ಅಕ್ಷರ ಕಾಣತೊಡಗಿತು. ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನ ಎದುರಿನ ಫ್ಲೆಕ್ಸಿನಲ್ಲಿ ತನ್ನದೇ ‘ಸ್ವಾಗತ’ ನೋಡಿ, ಬರೆಯದೇ ಬರೆದವನ ಹಾಗೆ ನಿಂತಿದ್ದ.

ಕಾರ್ತೀಕದಲ್ಲಿ ಒಂದು ದಿನ ಅತ್ತಿಗೆ ಎರ್ರಮ್ಮ ಫೋನು ಮಾಡಿದಳು. “ಸ್ವಾಮಿ, ಒಂದ್ಸಲ ಬಂದು ಹೋಗಪ್ಪ. ನಿಮ್ಮಣ್ಣ ಮೂರು ದಿನಾತು, ನಿನ್ನ ಹೆಸರೆತ್ತಿದ್ರ ಉಣ್ಣೋದು ಬಿಟ್ಟು ಏಳ್ತಾನ.”

ಅವನು ಮರುದಿನ ಬೆಳಗಿನ ಬಸ್ಸಿಗೆ ಹೋದ. ಚೌಡಣ್ಣ ಕುರಿಹಟ್ಟಿಯ ಮುಂದೆ ಕೂತಿದ್ದ. ಹೊತ್ತು ಏರಿದರೂ ಕುರಿಗಳು ಒಳಗೇ ಇದ್ದವು. ಅದೇ ಮೊದಲ ವಿಚಿತ್ರ.

“ಯಾಕಣ್ಣ, ಕುರಿ ಬಿಟ್ಟಿಲ್ಲ?”

“ಎಲ್ಲಿಗೆ ಬಿಡ್ಲಿ? ನೀನ ಹೇಳು. ಬ್ಯಾಡ ಅಂತ ಬರದೋನು ನೀನು.”

ಸ್ವಾಮಿಗೆ ಅರ್ಥವಾಗಲಿಲ್ಲ. ಎರ್ರಮ್ಮ ಬಿಡಿಸಿ ಹೇಳಿದಳು. ಹಟ್ಟಿಯ ಹಿಂದಿನ ದೊಡ್ಡ ಬೀಳಿನಲ್ಲಿ ಅಜ್ಜಂದಿರ ಕಾಲದಿಂದ ಎಲ್ಲರ ಕುರಿ ಮೇಯುತ್ತಿದ್ದವು. ಬೀಳು ಎಂದೋ ಊರು ಬಿಟ್ಟುಹೋದ ಯಾರದೋ ಪಟ್ಟಾ ಜಮೀನು. ಅವರ ಮೊಮ್ಮಕ್ಕಳು ಈಗ ಅದನ್ನು ಸೋಲಾರ್ ಕಂಪನಿಯವರಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟಿದ್ದರು. ತಂತಿ ಬೇಲಿ ಬಂತು, ಬೇಲಿಯುದ್ದಕ್ಕೂ ಬೋರ್ಡು ಬಂದವು.

“ನಾನು ಯಾವ ಬೋರ್ಡೂ ಬರದಿಲ್ಲಣ್ಣ.”

“ಲೇ, ನನಗ ಓದಾಕ ಬರಂಗಿಲ್ಲ, ಖರೆ. ನಿನ್ನ ಚ ಗೊತ್ತಿಲ್ಲೇನು? ಮೂವತ್ತು ವರ್ಷ ನನ್ನ ಕುರಿ ಬೆನ್ನಿನ ಮ್ಯಾಲೆ ನೋಡೀನಿ. ಅಲ್ಲಿ ಒಂದಲ್ಲ, ಒಂದರ ಕೆಳಗೊಂದು ಎರಡು ಕುಂದ್ರಿಸೀಯಲ್ಲ.” ಚೌಡಣ್ಣ ಒಳಗಿದ್ದ ಕುರಿಗಳ ಕಡೆ ಕೈ ಮಾಡಿದ. “ನನ್ನ ಕುರಿಗೆ ಬರಿಯಾಕ ಮೂರು ವರ್ಷಾತು ನಿನಗ ಕೈ ಬಿಡುವಿಲ್ಲ. ಅವರ ಬೇಲಿಗೆ ಬರಿಯಾಕ ಬಿಡುವೈತಿ.”

ಕೈ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೈ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಬಡಿದುಕೊಳ್ಳುತ್ತಿತ್ತು. ಅಣ್ಣ ಸಾಲೆ ಬಿಟ್ಟು ಉಳಿಸಿಕೊಟ್ಟ ಕೈ ಅದು. ಅದು ಹೋಯಿತೆಂದು ಆ ಮುಖಕ್ಕೆ ಹೇಳಲು ಅವನಿಂದ ಆಗಲಿಲ್ಲ. “ಅದು ಕಂಪ್ಯೂಟರ್ ಬರದದ್ದು” ಎಂದಷ್ಟೇ ಅಂದ. ಚೌಡಣ್ಣ ಎದ್ದು ಒಳಗೆ ಹೋದ. ನೀರು ಕುಡಿ ಎಂದೂ ಅನ್ನಲಿಲ್ಲ.

ಸ್ವಾಮಿ ಬೇಲಿಯ ಹತ್ತಿರ ಹೋಗಿ ನೋಡಿದ. ಹಳದಿ ತಗಡಿನ ಮೇಲೆ ಕೆಂಪಿನಲ್ಲಿ ‘ಎಚ್ಚರಿಕೆ’ ಎಂದಿತ್ತು. ಅವನದೇ ‘ಚ’, ಅದರ ಕೆಳಗೆ ಅವನದೇ ಒತ್ತು. ಆ ಒತ್ತನ್ನು ಹಡಗಲಿಯ ‘ಅಚ್ಚುಕೂಟ’ದ ಗೋಡೆಯಿಂದ ತೆಗೆದದ್ದು ಅವನಿಗೆ ನೆನಪಿತ್ತು. ಅದರ ಕೆಳಗಿನ ನಾಲ್ಕು ಸಾಲು ಸಣ್ಣ ಅಕ್ಷರದಲ್ಲಿದ್ದವು, ಅವನ ಕಣ್ಣು ತುಂಬಿಸಿದ್ದ ಅದೇ ಮೆತ್ತನೆಯ ಅಕ್ಷರದಲ್ಲಿ.

ಕಾವಲಿಗಿದ್ದವನು ಅದೇ ಹಟ್ಟಿಯ ಪಾಲಾಕ್ಷ. “ಇವು ಲಾರ್ಯಾಗ ಬಂದುವ್ರಿ ಸ್ವಾಮಣ್ಣ. ನಲವತ್ತೋ ಐವತ್ತೋ. ಎಲ್ಲಿಂದ ಅಂತ ನನಗೂ ಗೊತ್ತಿಲ್ಲ” ಎಂದ. ಮತ್ತೆ ದನಿ ತಗ್ಗಿಸಿ, “ಹಟ್ಟ್ಯಾಗ ಎಲ್ಲಾರೂ ನೀವ ಬರದದ್ದು ಅಂತಾರ. ಭಾಳ ಚಂದ ಬಂದಾವ ಬಿಡ್ರಿ” ಎಂದ. ಅವನು ಮೆಚ್ಚಿಯೇ ಹೇಳಿದ್ದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಭೂಮಿಕಾಗೆ ಹೇಳಿದಾಗ ಅವಳು ಕಂಪನಿಗೆ ಪತ್ರ ಬರೆದಳು. ಬೋರ್ಡು ತೆಗೆಯಿರಿ ಎನ್ನುವ ಹಕ್ಕು ತನಗಿಲ್ಲವೆಂದು ಒಪ್ಪಿಕೊಂಡು, ಅಕ್ಷರವನ್ನಾದರೂ ಬದಲಿಸಿ ಎಂದು ಬೇಡಿಕೊಂಡಳು. ‘ನಿಮ್ಮ ಸಲಹೆಗೆ ಧನ್ಯವಾದಗಳು’ ಎಂದು ಒಂದು ಸಾಲು ಬಂತು. ಮತ್ತೆ ಬರೆದಳು. ಅದೇ ಸಾಲು ಮತ್ತೆ ಬಂತು. ತನ್ನ ಪುಟದಿಂದ ಫಾಂಟನ್ನು ತೆಗೆದುಹಾಕಿದಳು. ಅಷ್ಟರಲ್ಲಿ ಅದು ಸಾವಿರಾರು ಕಂಪ್ಯೂಟರುಗಳಲ್ಲಿ ಕೂತಾಗಿತ್ತು.

“ನನ್ನದ ತಪ್ಪು ಮಾಮಾ” ಎಂದು ಅತ್ತಳು.

“ನಿನ್ನದೂ ಅಲ್ಲವ್ವ. ಯಾರದು ಅಂತ ಹೇಳಾಕ ಬರಂಗಿಲ್ಲ. ಅದ ಆಗಿರೋದು.”

ಆದರೂ ಅವಳು ಹಟ ಹಿಡಿದು ಅವನ ಜೊತೆ ಹಟ್ಟಿಗೆ ಬಂದಳು. ಲ್ಯಾಪ್‌ಟಾಪ್ ತೆರೆದು ಚೌಡಣ್ಣನ ಎದುರು ಕೀಲಿ ಒತ್ತಿದಳು. ಪರದೆಯ ಮೇಲೆ ‘ಚೌಡಣ್ಣ’ ಎಂದು ಮೂಡಿತು. ಚೌಡಣ್ಣ ಬಗ್ಗಿ ನೋಡಿದ. ಮೊದಲ ಅಕ್ಷರದ ಮೇಲೆ ಬೆರಳಿಟ್ಟ.

“ಹಂಗಾರ ಇವನ ಕೈ ಇಲ್ದನ ಇವನ ಅಕ್ಷರ ಬರ್ತೈತೇನವ್ವ?”

“ಹೌದ್ರಿ ತಾತಾ. ಯಾರು ಒತ್ತಿದ್ರೂ ಬರ್ತೈತಿ.”

“ಆತು, ಒಪ್ಪಿದೆ. ಬೋರ್ಡು ಇವ ಬರದಿಲ್ಲ.” ಚೌಡಣ್ಣ ತಮ್ಮನ ಕಡೆ ತಿರುಗಿದ. “ಹಂಗಾರ ಮೂರು ವರ್ಷ ನಿನ್ನ ಕೈ ಏನ್ ಮಾಡ್ತಿತ್ತಲೇ? ನನ್ನ ಕುರಿಗ್ಯಾಕ ಬರಲಿಲ್ಲ?”

ಸ್ವಾಮಿ ಎದ್ದು ಗುಡಿಸಲಿನ ಮಾಡಿನಲ್ಲಿದ್ದ ಹಳೆಯ ಕೆಂಪು ಬಣ್ಣದ ಡಬ್ಬಿ ತಂದ. ಒಣಗಿದ ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದ. ಹತ್ತಿರದ ಕುರಿಯೊಂದನ್ನು ಎರ್ರಮ್ಮ ಹಿಡಿದುಕೊಂಡಳು. ಅವನು ಜೇಬಿನಿಂದ ಕೈ ತೆಗೆದು ಬ್ರಷ್ ಹಿಡಿದ. ಬ್ರಷ್ಷಿನಿಂದ ಹನಿಗಳು ನೆಲಕ್ಕೆ, ಕುರಿಯ ಕಿವಿಗೆ, ಎರ್ರಮ್ಮನ ಸೀರೆಗೆ ಸಿಡಿದವು. ಎಡಗೈಯಿಂದ ಬಲ ಮಣಿಕಟ್ಟು ಅವುಚಿಕೊಂಡು ಬೆನ್ನಿಗೆ ತಾಗಿಸಿದ. ಗೆರೆ ಹೋಯಿತು, ಮುರಿಯಿತು, ಎಲ್ಲೋ ಸುತ್ತಿಕೊಂಡಿತು. ಕುರಿ ಹೆದರಿ ಒದ್ದಾಡಿ ಬಿಡಿಸಿಕೊಂಡು ಓಡಿತು. ಅದರ ಬೆನ್ನಿನ ಮೇಲಿದ್ದದ್ದು ಅಕ್ಷರವಾಗಿರಲಿಲ್ಲ. ಗಾಯದ ಹಾಗೆ ಕಾಣುತ್ತಿತ್ತು.

ಚೌಡಣ್ಣ ತಮ್ಮನ ಹತ್ತಿರ ಬಂದು ಬ್ರಷ್ ಕಿತ್ತು ನೆಲಕ್ಕಿಟ್ಟ. ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದ, ಮರಿಯನ್ನು ಹಿಡಿಯುವ ಹಾಗೆ. ಒಳಗೆ ಅದು ನಡುಗುತ್ತಲೇ ಇತ್ತು.

“ಎಷ್ಟ್ ದಿನಾತು?”

“ಮೂರು ವರ್ಷದ ಮ್ಯಾಲಾತಣ್ಣ.”

“ಔಷಧ?”

“ತಗಂತೀನಿ. ಕಮ್ಮಿ ಆಗಂಗಿಲ್ಲ ಅಂದಾರ.”

“ನನಗ ಹೇಳಬೇಕಾಗಿತ್ತಲ್ಲೋ ಸ್ವಾಮಿ” ಎಂದ ಚೌಡಣ್ಣ. ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಹಿಡಿದುಕೊಳ್ಳಲು ಅವನಿಗೂ ಏನೂ ಉಳಿದಿರಲಿಲ್ಲ. ಇಷ್ಟು ದಿನ ಬೈಯಲು ಒಬ್ಬ ತಮ್ಮನಿದ್ದ, ಈಗ ಅವನೂ ಇಲ್ಲ; ಬೇಲಿ ಮಾತ್ರ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನೇ, “ಬಾ, ಅದ್ರಾಗ ಏನ್ ಬರದಾರ ಓದಿ ಹೇಳು. ಕೇಳೇ ಇಲ್ಲ ನಾನು” ಎಂದು ತಮ್ಮನನ್ನು ಬೋರ್ಡಿನ ಹತ್ತಿರ ಕರೆದುಕೊಂಡು ಹೋದ. ಸ್ವಾಮಿ ಓದಿದ. “ಎಚ್ಚರಿಕೆ. ಇದು ಖಾಸಗಿ ಸ್ವತ್ತು. ಕುರಿ, ಮೇಕೆ, ದನಗಳಿಗೆ ಪ್ರವೇಶವಿಲ್ಲ. ಉಲ್ಲಂಘಿಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.”

“ಕುರಿ ಅನ್ನೋದು ಎಲ್ಲೈತಿ?”

ಸ್ವಾಮಿ ತೋರಿಸಿದ. ಚೌಡಣ್ಣ ತಗಡಿನ ಮೇಲೆ ಬೆರಳಾಡಿಸಿ ಕೊಂಬನ್ನು ಹುಡುಕಿದ. ಸಣ್ಣ ಅಕ್ಷರದಲ್ಲಿ ಅದರ ಸುರುಳಿ ಇರಲಿಲ್ಲ, ಬರೀ ಒಂದು ಬಾಗಿದ ಗೆರೆಯಿತ್ತು. “ಇದ್ರ ಕೊಂಬು ಮುರದಾರ” ಎಂದ. ಭೂಮಿಕಾ ಮುಖ ಆ ಕಡೆ ತಿರುಗಿಸಿದಳು.

ಬೋರ್ಡುಗಳು ಹಾಗೇ ಉಳಿದವು. ಪುಷ್ಯ ಮಾಸದ ಹೊತ್ತಿಗೆ ಬೀಳಿನ ತುಂಬ ಗಾಜಿನ ಹಲಗೆಗಳು ಎದ್ದವು. ಹಲಗೆ ತೊಳೆಯಲು ಹಟ್ಟಿಯ ಹೆಂಗಸರನ್ನು ಕರೆದರು, ಎರ್ರಮ್ಮ ಹೋಗತೊಡಗಿದಳು. ಕೆಲಸಕ್ಕೆ ಬರುವಾಗ ತೊಡಬೇಕೆಂದು ಕೊಟ್ಟ ಮೇಲಂಗಿಯ ಬೆನ್ನಿನ ಮೇಲೂ ಅದೇ ಅಕ್ಷರ. ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಒಗೆದು ಒಣಹಾಕುವಾಗ ಅಕ್ಷರ ಒಳಗಾಗುವಂತೆ ಮಗುಚಿ ಹಾಕುತ್ತಿದ್ದಳು.

ಚೌಡಣ್ಣ ಅರ್ಧ ಹಿಂಡನ್ನು ಸಂತೆಗೆ ಹೊಡೆದು ಮಾರಿದ. ಉಳಿದ ಅರ್ಧವನ್ನು ಹಡಗಲಿಯ ಹೊಳೆದಂಡೆಯ ಕಡೆ ಹೋಗುವ ಬೇರೆ ಕುರಿಗಾರರ ಜೊತೆ ಕೂಡಿಸಿಕೊಂಡು ತಾನೂ ಹೊರಟ. ಅರವತ್ತಮೂರನೇ ವಯಸ್ಸಿನಲ್ಲಿ ಮೊದಲ ಸಲ ಅವನು ಊರು ಬಿಟ್ಟ. ಹೊರಡುವ ದಿನ ಸ್ವಾಮಿ ಹೋಗಿದ್ದ. ಹೊರೆ ಕಟ್ಟಲು ಹಗ್ಗ ಹಿಡಿದ, ಗಂಟು ಬೀಳಲಿಲ್ಲ. ಅಣ್ಣ ಏನೂ ಅನ್ನದೆ ಹಗ್ಗ ತೆಗೆದುಕೊಂಡು ತಾನೇ ಕಟ್ಟಿದ.

ಈಗ ಭಾನುವಾರಕ್ಕೊಮ್ಮೆ ಚೌಡಣ್ಣ ಫೋನು ಮಾಡುತ್ತಾನೆ.

“ಗುಳಿಗಿ ತಗಂಡ್ಯಾ?”

“ತಗಂಡೆ. ಮೇವು ಹ್ಯಾಂಗೈತಿ ಆ ಕಡಿ?”

“ಐತಿ. ಬ್ಯಾರೆಯವರ ಹೊಲ. ಕೇಳಿ ಕೇಳಿ ಬಿಡಬೇಕು.”

ಆಮೇಲೆ ಸ್ವಾಮಿ ಫೋನನ್ನು ಎಡಗೈಗೆ ಬದಲಿಸಿ ಕಿವಿಗೆ ಒತ್ತಿ ಹಿಡಿಯುತ್ತಾನೆ. ಆ ಕಡೆಯಿಂದ ಕುರಿ ಕೆಮ್ಮುವುದು, ಹೊಳೆಯ ಗಾಳಿ, ಅಣ್ಣ ಯಾರಿಗೋ ‘ಹೋಯ್’ ಅನ್ನುವುದು ಕೇಳುತ್ತದೆ. ಗಾದೆಮ್ಮ ಅಡುಗೆಮನೆಯಿಂದ, “ನಿಮ್ಮಣ್ಣ ಫೋನ್ ಇಟ್ರೇನು?” ಎಂದು ಕೇಳುತ್ತಾಳೆ. ಅವನು ಇಲ್ಲ ಎಂದು ತಲೆಯಾಡಿಸುತ್ತಾನೆ.